ಒಂದು ದಿನದ ರಜೆ, ಮೇಗರವಳ್ಳಿಯ ದಾರಿ

(ಶಿವಮೊಗ್ಗೆಯಲ್ಲಿ ಗಿರಣಿ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಿಗಳ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ಸಂಸಾರ ಸಮೇತ ಒಂದು ದಿನ ಹೊರಗೆ ಹೋಗಿಬರುವ ವಿಷಯವಾಗಿ ನಾನು ನಾಲ್ಕು ಮಾತು ಆಡುತ್ತೇನೆಂದು ತಿಳಿದಾಗ ನಮ್ಮವರೇ ಕೆಲವರು ನಕ್ಕರಂತೆ. ಬೋನಸ್ಸಿನ ಮಾತು ಬಿಟ್ಟು, ಅಂಗಡಿ ಬಾಡಿಗೆಯ ಮಾತು ಬಿಟ್ಟು, ಈ ಮೇಷ್ಟರು ಬೆಟ್ಟಗುಡ್ಡದ ಮಾತು ಏಕೆ ಎತ್ತಿದರು ಎಂದು. ನಗಲಿ, ಅಡ್ಡಿಯಿಲ್ಲ. ಆದರೆ ರಜೆಯ ಮಾತೂ ಕೂಲಿಯ ಮಾತೇ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ವಾರಕ್ಕೊಂದು ದಿನದ ಬಿಡುವು ಯಾರೋ ಪುಣ್ಯಾತ್ಮರು ಕರೆದು ಕೊಟ್ಟದ್ದಲ್ಲ. 1884ರಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳ ಕೂಲಿಗಳನ್ನು ಕೂಡಿಸಿ ನಾರಾಯಣ ಮೇಘಾಜಿ ಲೋಖಂಡೆಯವರು ಮುಂದಿಟ್ಟ ಬೇಡಿಕೆಗಳಲ್ಲಿ ಅದು ಮುಖ್ಯವಾದದ್ದು. ಕೇಳಿದ್ದು ಕೈಗೆ ಬರಲು ಆರು ವರ್ಷ ಹಿಡಿಯಿತು. 1890ರ ಜೂನ್ 10ರಂದು ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. 1936ರಲ್ಲಿ ಫ್ರಾನ್ಸ್ ದೇಶದ ಕೆಲಸಗಾರರು ಕಾರ್ಖಾನೆಗಳ ಒಳಗೇ ಕುಳಿತು ಮುಷ್ಕರ ಹೂಡಿ ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆ ಪಡೆದರು. ಆ ಬೇಸಗೆಯಲ್ಲಿ ಅವರಲ್ಲಿ ಎಷ್ಟೋ ಮಂದಿ ಹುಟ್ಟಿದ ಮೇಲೆ ಮೊದಲ ಸಲ ಕಡಲು ಕಂಡರು. ನಮ್ಮಲ್ಲಿ 1948ರ ಫ್ಯಾಕ್ಟರಿ ಕಾಯಿದೆ ವಾರದ ರಜೆಯ ಜೊತೆಗೆ, ವರ್ಷದಲ್ಲಿ 240 ದಿನ ದುಡಿದವನಿಗೆ ಇಪ್ಪತ್ತು ದಿನಕ್ಕೊಂದರಂತೆ ಸಂಬಳದ ರಜೆಯನ್ನೂ ಬರೆದಿಟ್ಟಿತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಆ 240 ಎಂಬುದು 180 ಆಗಿದೆ. ಆ ಸಂಹಿತೆಯ ಉಳಿದ ಗುಣದೋಷದ ವಿಚಾರ ಇನ್ನೊಂದು ದಿನದ ಭಾಷಣಕ್ಕೆ ಇರಲಿ.

ಇಷ್ಟು ಕಷ್ಟದಿಂದ ಬಂದ ದಿನವನ್ನು ನಾವು ಏನು ಮಾಡುತ್ತಿದ್ದೇವೆ? ಗಂಡಸು ಮಧ್ಯಾಹ್ನದ ತನಕ ಮಲಗುತ್ತಾನೆ, ಎದ್ದು ಹೋಟೆಲಿಗೆ ಹೋಗುತ್ತಾನೆ. ಹೆಂಗಸು ವಾರದ ಬಟ್ಟೆಯನ್ನೆಲ್ಲ ಆ ದಿನವೇ ಒಗೆಯುತ್ತಾಳೆ. ಅಂದರೆ ರಜೆ ಇರುವುದು ಮನೆಯಲ್ಲಿ ಒಬ್ಬನಿಗೆ ಮಾತ್ರ. ವ್ಯಾಪಾರಿಗಳ ಪಾಡಂತೂ ಕೇಳಲೇಬೇಡಿ. ಭಾನುವಾರವೂ ಬಾಗಿಲ ಒಂದು ರೆಕ್ಕೆ ತೆರೆದಿಟ್ಟು, ಬಂದ ಗಿರಾಕಿಯನ್ನು ಬಿಡಲಾರದೆ, ಪೂರ್ತಿ ವ್ಯಾಪಾರವೂ ಇಲ್ಲ, ಪೂರ್ತಿ ವಿರಾಮವೂ ಇಲ್ಲ. ಮಕ್ಕಳು ಬೀದಿಯಲ್ಲಿ. ತಿಂಗಳಿಗಲ್ಲದಿದ್ದರೂ ವರ್ಷಕ್ಕೆರಡು ಸಲವಾದರೂ ಮನೆಗೆ ಬೀಗ ಹಾಕಿ, ಅಂಗಡಿಗೆ ಬೀಗ ಹಾಕಿ, ಎಲ್ಲರೂ ಕೂಡಿ ಹೊರಡಬೇಕೆಂಬುದು ನನ್ನ ಸೂಚನೆ. ಆ ದಿನ ಹೆಂಗಸರು ಒಲೆ ಹಚ್ಚತಕ್ಕದ್ದಲ್ಲ ಎಂಬುದು ಅದರ ಮೊದಲನೆಯ ಷರತ್ತು. ನಸುಕಿಗೆ ಮೂರು ಗಂಟೆಗೆದ್ದು ನಲವತ್ತು ಚಪಾತಿ ಸುಟ್ಟು ಬುತ್ತಿ ಕಟ್ಟಿದವಳಿಗೆ ಯಾವ ಬೆಟ್ಟ ತಾನೆ ಚೆಲುವಾಗಿ ಕಂಡೀತು? ಬಸ್ಸಿನಲ್ಲಿ ಅವಳು ತೂಕಡಿಸುತ್ತಾಳೆ, ಅಷ್ಟೆ.

ಎಲ್ಲಿಗೆ ಹೋಗೋಣ? ಜೋಗವನ್ನು ನೋಡದವರು ಈ ಊರಿನಲ್ಲಿ ಕಡಿಮೆ. ನಾನು ಹೇಳುವುದು ಮೇಗರವಳ್ಳಿಗೆ. ಹೆಸರು ಕೇಳಿ ಒಬ್ಬರು ಆಗಲೇ, ಅಲ್ಲಿ ನೋಡುವಂಥದ್ದು ಏನಿದೆ ಎಂದರು. ನಿಜ, ಮೇಗರವಳ್ಳಿ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯ ಮೇಲಿನ ಒಂದು ಊರು, ಸುತ್ತ ಅಡಿಕೆ ತೋಟ, ಗದ್ದೆ, ಕಾಡು. ಅಲ್ಲಿ ಯಾರೂ ಟಿಕೇಟು ಹರಿಯುವುದಿಲ್ಲ. ಕುವೆಂಪು ಅವರು 1967ರಲ್ಲಿ ಪ್ರಕಟಿಸಿದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಓದಿದವರಿಗೆ ಈ ಊರು ಗೊತ್ತು. ಘಟ್ಟ ಹತ್ತಿ ಇಳಿಯುವ ದಾರಿಗರು ಉಂಡು ಮಲಗುತ್ತಿದ್ದ ಅಂತಕ್ಕಸೆಡ್ತಿಯ ಮನೆ ಆ ಕತೆಯಲ್ಲಿ ಇರುವುದು ಇಲ್ಲಿಯೇ. ದಾರಿಗರಿಗೆ ಅನ್ನ ಹಾಕುವುದು ಆ ಸೀಮೆಗೆ ಹೊಸದಲ್ಲವೆಂದು ಹೇಳುವುದಕ್ಕಾಗಿ ಇದನ್ನು ನೆನೆದೆ.

ಇಲ್ಲಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರು. ದಾರಿಯುದ್ದಕ್ಕೂ ತುಂಗೆ ಆಗಾಗ ಜೊತೆಗೆ ಬರುತ್ತಾಳೆ. ಬೆಳಿಗ್ಗೆ ಬೇಗ ಹೊರಟರೆ 14 ಕಿಲೋಮೀಟರಿನಲ್ಲಿ ಸಕ್ರೆಬೈಲು. ಅರಣ್ಯ ಇಲಾಖೆಯ ಆನೆಗಳನ್ನು ಗಾಜನೂರಿನ ಹಿನ್ನೀರಿನಲ್ಲಿ ತಿಕ್ಕಿ ತೊಳೆಯುವ ಹೊತ್ತು ಅದು. ಮಕ್ಕಳನ್ನು ಅಲ್ಲಿಂದ ಎಬ್ಬಿಸಿ ಕರೆತರುವುದೇ ಕಷ್ಟ. ಮುಂದೆ ಮಂಡಗದ್ದೆ. ಹೊಳೆಯ ನಡುವಿನ ಒಂದು ಎಕರೆ ಚಿಲ್ಲರೆಯ ಕುದುರಿನ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಸಾವಿರಗಟ್ಟಲೆ ಬಂದು ಗೂಡು ಕಟ್ಟುತ್ತವೆ. ಜುಲೈಯಿಂದ ಅಕ್ಟೋಬರಿನ ತನಕ ಅವುಗಳ ಸಂಸಾರ. ನಮ್ಮ ಓಣಿಯ ಹಾಗೆಯೇ ಒಂದರ ಮೇಲೊಂದು ಮನೆ, ಇಡೀ ದಿನ ಜಗಳ, ಎಂದು ನಮ್ಮ ಸಂಘದ ಒಬ್ಬ ತಾಯಿ ಅದನ್ನು ನೋಡಿ ಹೇಳಿದ್ದರು. ಆ ತಿಂಗಳುಗಳ ಆಚೆ ಹೋದರೆ ಬರಿಯ ಮರ ಕಾಣುತ್ತದೆ, ಬಸ್ಸು ನಿಲ್ಲಿಸಬೇಡಿ.

ತೀರ್ಥಹಳ್ಳಿಯನ್ನು ದಾಟಿದ ಮೇಲೆ ಒಂದು ಎಚ್ಚರಿಕೆ ಬೇಕು. ಪ್ರವಾಸವೆಂದರೆ ಒಂದೇ ದಿನದಲ್ಲಿ ಹನ್ನೆರಡು ಸ್ಥಳಕ್ಕೆ ಸಹಿ ಹಾಕಿ ಬರುವುದೆಂದು ನಾವು ತಿಳಿದಿದ್ದೇವೆ. ಚಿಬ್ಬಲಗುಡ್ಡೆಯ ಮೀನು, ಕವಲೇದುರ್ಗದ ಕೋಟೆ, ಕುಪ್ಪಳಿ, ಕುಂದಾದ್ರಿ, ಆಗುಂಬೆಯ ಸೂರ್ಯಾಸ್ತ, ಆಮೇಲೆ ಶೃಂಗೇರಿ! ಗಿರಣಿಯಲ್ಲಿ ಪಾಳಿಯ ಗಂಟೆಗೆ ಓಡುವವರು ರಜೆಯ ದಿನವೂ ಗಂಟೆಗೆ ಓಡಬೇಕೆ? ಬೆಳಿಗ್ಗೆ ಮತ್ತು ಊಟದ ಹೊತ್ತು ಮೇಗರವಳ್ಳಿಯ ಕಡೆಯ ಒಂದು ತೋಟ. ಊಟದ ಮೇಲೆ ಮತ್ತೊಂದೇ ಒಂದು ಜಾಗ. ಇಷ್ಟೇ ಸಾಕು.

ತೋಟದಲ್ಲಿ ನೋಡುವುದೇನು? ನಾನು ಮೇಷ್ಟರಾಗಿದ್ದಾಗ ಒಮ್ಮೆ ಹುಡುಗರಿಗೆ ಅಡಿಕೆ ಮರ ಬರೆಯಲು ಹೇಳಿದೆ. ಮಂಡಿಯ ಓಣಿಯಲ್ಲಿ ಆಡಿ ಬೆಳೆದವರು, ಅಡಿಕೆ ಚೀಲದ ಮೇಲೆ ಕುಳಿತು ಮಗ್ಗಿ ಕಲಿತವರು. ಎಲ್ಲರೂ ತೆಂಗಿನ ಮರ ಬರೆದು ಕಾಯಿಗಳನ್ನು ಚಿಕ್ಕದು ಮಾಡಿದ್ದರು! ಅಡಿಕೆಯ ಕೊನೆ ಗರಿಗಳ ನಡುವೆ ಇರುವುದಿಲ್ಲ, ಗರಿಯ ಬುಡದ ಹಾಳೆ ಕಳಚಿದ ಕಡೆ, ತಲೆಯ ಕೆಳಗೆ ಜೋಲುತ್ತದೆ ಎಂಬುದು ಅವರಿಗೆ ತಿಳಿಯದು. ಇಲ್ಲಿ ಕುಳಿತ ವ್ಯಾಪಾರಿ ಮಿತ್ರರು ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಕಣ್ಣು ಮುಚ್ಚಿ ಬೆರಳಿನಿಂದಲೇ ಹೇಳಬಲ್ಲರು. ಒಂದೇ ಮರದ ಕಾಯಿ ಎಳೆಯದಾಗಿದ್ದಾಗ ಸರಕಾಗಿ ಮೇಲಿನ ಬೆಲೆ ತರುತ್ತದೆ, ಬಲಿತು ಹಣ್ಣಾದರೆ ಗೊರಬಲಾಗಿ ಕೆಳಗೆ ಬೀಳುತ್ತದೆ. ಯಾವ ವಾರ ಯಾವ ಕೊನೆ ಇಳಿಸಬೇಕೆಂಬ ಲೆಕ್ಕ ಮರ ಹತ್ತುವ ಕೊನೆಗಾರನ ತಲೆಯಲ್ಲಿರುತ್ತದೆ. ಆ ಮನುಷ್ಯ ಒಂದು ಮರದ ತುದಿಯಿಂದ ಮರವನ್ನೇ ಬಾಗಿಸಿ ಪಕ್ಕದ ಮರಕ್ಕೆ ದಾಟುವುದನ್ನು ನಿಮ್ಮ ಮಕ್ಕಳು ಒಮ್ಮೆ ನೋಡಲಿ. ಈಚೆಗೆ ಕೆಳಗೆ ನಿಂತೇ ಉದ್ದನೆಯ ದೋಟಿಯಿಂದ ಕೊಯ್ಯುವವರೂ ಬಂದಿದ್ದಾರೆ. ಹತ್ತಿ ಬಿದ್ದು ಸೊಂಟ ಮುರಿದುಕೊಳ್ಳುವುದಕ್ಕಿಂತ ಅದು ಮೇಲು.

ಕೊಯ್ಲಿನ ಕಾಲಕ್ಕೆ, ಅಂದರೆ ಕಾರ್ತಿಕದ ಆಸುಪಾಸಿನಲ್ಲಿ ಹೋದರೆ ಅಂಗಳ ತುಂಬ ಕೆಲಸ. ಹೆಂಗಸರು ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿಯುತ್ತಾರೆ. ಸುಲಿದದ್ದನ್ನು ಹಂಡೆಯಲ್ಲಿ ಚೊಗರು ಬೆರೆಸಿ ಬೇಯಿಸುತ್ತಾರೆ. ಕೆಂಪು ಬಣ್ಣ ಬರುವುದು ಅದರಿಂದಲೇ. ಆಮೇಲೆ ಚಪ್ಪರದ ಮೇಲೆ ಹರವಿ ಒಣಗಿಸುತ್ತಾರೆ. ಮೋಡ ಕಂಡರೆ ಮನೆಮಂದಿಯೆಲ್ಲ ಊಟ ಬಿಟ್ಟು ಓಡುತ್ತಾರೆ. ಸುಲಿಯುವವರ ಕೂಲಿ ಅಳತೆಯ ಮೇಲೆ. ಎಷ್ಟು ಸುಲಿದರೆ ಅಷ್ಟು ಕಾಸು. ಪೀಸು ಲೆಕ್ಕದಲ್ಲಿ ದುಡಿಯುವ ನಮ್ಮ ತಾಯಂದಿರು ಅವರ ಪಕ್ಕದಲ್ಲಿ ಒಂದು ಗಳಿಗೆ ಕುಳಿತರೆ ಪರಿಚಯ ಮಾಡಿಕೊಡುವವರು ಬೇಕಾಗುವುದಿಲ್ಲ. ಬೆರಳಿನ ಕಪ್ಪು ಕಲೆಯನ್ನು ನೋಡಿದರೆ ಸಾಕು, ಮಾತು ತಾನಾಗಿ ಹೊರಡುತ್ತದೆ.

ಗದ್ದೆಯ ಕಡೆಗೂ ಹೋಗಿ. ಮಕ್ಕಳಿಗೆ ಹಸಿರು ತೋರಿಸಿ ಸುಮ್ಮನಾಗಬೇಡಿ. ಈ ಸೀಮೆಯ ಗದ್ದೆಗಳಲ್ಲಿ ಬೆಳೆದವನು ಗೇಣಿ ಅಳೆದು ಕೊಡುತ್ತಿದ್ದ ಕಾಲವಿತ್ತು. ಅಳೆಯುವ ಕೊಳಗವೂ ಒಡೆಯನದೇ. ಸಾಗರದ ಹತ್ತಿರ ಕಾಗೋಡಿನಲ್ಲಿ 1951ರಲ್ಲಿ ರೈತರು ಎದ್ದು ನಿಂತದ್ದು ಆ ಕೊಳಗದ ಅಳತೆಯಿಂದ ಮೊದಲಾದ ಜಗಳದಲ್ಲಿ. ತಕ್ಕಡಿ ಹಿಡಿಯುವ ನಿಮಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಗೇಣಿದಾರನೇ ಒಡೆಯನಾಗುವ ಕಾನೂನು ಜಾರಿಗೆ ಬಂದದ್ದು 1974ರಲ್ಲಿ.

ಈಗ ಆ ರೈತನ ಪಾಡು ಏನು? ಮಳೆಗಾಲದ ಕೊಳೆರೋಗ ಅವನಿಗೆ ಹಳೆಯ ವೈರಿ. ಮೈಸೂರು ಸರ್ಕಾರದ ಕೋಲ್ಮನ್ ಎಂಬ ವಿಜ್ಞಾನಿ 1910ರಲ್ಲಿಯೇ ಆ ರೋಗದ ಮೇಲೆ ಪುಸ್ತಕ ಬರೆದರು. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆ ಬಿಡುವು ಕೊಟ್ಟಾಗ ಕೊನೆಗೆ ಹೊಡೆದು ಬೆಳೆ ಉಳಿಸಿಕೊಳ್ಳುವುದನ್ನು ಮಲೆನಾಡು ಕಲಿಯಿತು. ಈಗ ಕೆಲವು ವರ್ಷಗಳಿಂದ ಎಲೆಚುಕ್ಕೆ ರೋಗವೆಂಬುದು ಬಂದಿದೆ. ಗರಿಯ ಮೇಲೆ ಚುಕ್ಕೆ ಬಿದ್ದು, ಚುಕ್ಕೆ ಕೂಡಿ ಗರಿಯೇ ಒಣಗುತ್ತದೆ. ತೀರ್ಥಹಳ್ಳಿ, ಹೊಸನಗರ, ಶೃಂಗೇರಿ ಕಡೆಯ ತೋಟಗಳು ಇದರಿಂದ ಸೊರಗಿವೆ. ಕೊಳೆ ಬಂದರೆ ಆ ವರ್ಷದ ಫಸಲು ಹೋಗುತ್ತದೆ. ಗರಿ ಹೋದರೆ ಮರದ ಬಲವೇ ಕುಂದುತ್ತದೆ. ಹೀಗೆ ಕೈಸೋತ ಹೊತ್ತಿಗೆ ಸರಿಯಾಗಿ, ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳದಂತೆ ತಡೆದಿದ್ದ ಕಲಮುಗಳನ್ನು 2020ರಲ್ಲಿ ಭೂ ಸುಧಾರಣಾ ಕಾಯಿದೆಯಿಂದ ತೆಗೆದುಹಾಕಲಾಯಿತು. ದುಡ್ಡಿದ್ದ ಯಾರು ಬೇಕಾದರೂ ಬಂದು ಕೊಳ್ಳಬಹುದು.

ಕೊಂಡವರು ಏನು ಮಾಡುತ್ತಾರೆ? ಅಡಿಕೆ ಬೆಳೆಯಲು ಬಂದವರು ಕಡಿಮೆ. ಹಳ್ಳದ ದಂಡೆ ನೋಡಿ, ಬೆಟ್ಟದ ಓರೆ ನೋಡಿ ಬಿಡಾರ ಕಟ್ಟುತ್ತಾರೆ. ನಿನ್ನೆ ತನಕ ಊರ ದನ ಇಳಿಯುತ್ತಿದ್ದ, ಶಾಲೆಯ ಮಕ್ಕಳು ಹಾದುಹೋಗುತ್ತಿದ್ದ ಕಾಲುದಾರಿಗೆ ಇಂದು ಕಬ್ಬಿಣದ ಗೇಟು. ಒಂದು ರಾತ್ರಿಗೆ ಅವರು ಹೇಳುವ ಬಾಡಿಗೆ ನಿಮ್ಮ ಹಲವು ದಿನದ ಸಂಬಳ. ಹೀಗೇ ನಡೆದರೆ ಮಲೆನಾಡು ನೋಡಲು ಬರುವವನು ಒಬ್ಬ, ಅಲ್ಲಿ ಪಾತ್ರೆ ತೊಳೆಯುವವನು ಇನ್ನೊಬ್ಬ, ಆ ಎರಡನೆಯವನೇ ನಿನ್ನೆಯ ತೋಟದ ಒಡೆಯ ಎಂಬ ಸ್ಥಿತಿ ಬಂದೀತು. ರೈತನೇ ತನ್ನ ಮನೆಯ ಎರಡು ಕೋಣೆ ತೆರವು ಮಾಡಿ ಬಂದವರಿಗೆ ಇಂಬು ಕೊಡುವುದು ಬೇರೆ ಮಾತು. ತೋಟ ಅವನ ಕೈಯಲ್ಲೇ ಉಳಿದು, ಎಲೆಚುಕ್ಕೆಯ ವರ್ಷದಲ್ಲಿ ನಾಲ್ಕು ಕಾಸು ಮೇಲೆ ಬರುತ್ತದೆ. ನಮ್ಮ ರೂಪಾಯಿ ಯಾವ ಗೇಟಿನೊಳಗೆ ಹೋಗುತ್ತದೆಂಬುದನ್ನು ನಾವೇ ನೋಡಿಕೊಳ್ಳಬೇಕು. ನಮ್ಮ ಒಂದು ರೂಪಾಯಿ ಚಿಕ್ಕದು, ನಲವತ್ತು ಸಂಸಾರದ ರೂಪಾಯಿ ಚಿಕ್ಕದಲ್ಲ.

ಆದ್ದರಿಂದ ನಾನು ಹೇಳುವ ಏರ್ಪಾಡು ಹೀಗೆ. ಇಡೀ ಬಸ್ಸನ್ನೇ ಸಂಘದ ಹೆಸರಿನಲ್ಲಿ ಬಾಡಿಗೆಗೆ ಹಿಡಿಯುವುದು. ಊಟವನ್ನು ಆ ಊರಿನ ಹೆಂಗಸರ ಸ್ವಸಹಾಯ ಗುಂಪಿಗೆ ಮೊದಲೇ ತಿಳಿಸಿ, ತಲೆ ಎಣಿಸಿ, ಹಣ ಮುಂಗಡ ಕೊಟ್ಟು ಮಾಡಿಸುವುದು. ಕಡುಬು, ಅಕ್ಕಿರೊಟ್ಟಿ, ಕೆಸುವಿನ ಪತ್ರೊಡೆ, ಕಳಲೆ ಪಲ್ಯ, ಅಪ್ಪೆಮಿಡಿ ಉಪ್ಪಿನಕಾಯಿ, ಆಯಾ ಕಾಲಕ್ಕೆ ಇದ್ದದ್ದು. ಮಲೆನಾಡಿನವರು ಬಾಗಿಲಿಗೆ ಬಂದವರಿಗೆ ಬೆಲ್ಲ ನೀರು ಕೊಡದೆ ಕಳಿಸುವುದಿಲ್ಲ, ಊಟಕ್ಕೂ ಕೂರಿಸುತ್ತಾರೆ. ದುಡ್ಡು ಕೇಳಲು ಅವರಿಗೆ ನಾಚಿಕೆ. ಆ ನಾಚಿಕೆಯನ್ನು ನಾವು ಲಾಭ ಮಾಡಿಕೊಳ್ಳಬಾರದು. ಒಬ್ಬ ನೆಂಟ ಬೇರೆ, ಬಸ್ಸು ತುಂಬ ನೆಂಟರು ಬೇರೆ. ಈ ವಿಚಾರ ಹೇಳಿದಾಗ ಆ ಕಡೆಯ ಹಿರಿಯ ರೈತರೊಬ್ಬರು, “ಎಂಥದು ಮಾರಾಯ್ರೆ, ನಮ್ಮ ತ್ವಾಟಕ್ಕೆ ಟಿಕೀಟು ಇಡ್ತೀರೇನು?” ಎಂದು ನಕ್ಕರು. ಟಿಕೇಟು ಬೇಡ, ಊಟದ ಬೆಲೆ ಮತ್ತು ತೋಟ ತೋರಿಸಿದವರ ಅರ್ಧ ದಿನದ ಕೂಲಿ ಎಂದೆ. ಕೂಲಿ ಎಂದ ಮೇಲೆ ಅವರು ಸ್ವಲ್ಪ ಯೋಚಿಸಿ ಒಪ್ಪಿದರು.

ಬಸ್ಸು ಬಾಡಿಗೆ ಏಕೆ, ಹೆಂಗಸರಿಗೆ ಉಚಿತ ಪ್ರಯಾಣವಿದೆಯಲ್ಲ ಎನ್ನುವಿರಿ. 2023ರ ಜೂನ್ 11ರಿಂದ ಬಂದ ಆ ಸೌಕರ್ಯ ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಮಲೆನಾಡಿನ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಮೇಗರವಳ್ಳಿಯ ಕಡೆಯ ಕೂಲಿ ಹೆಂಗಸಿಗೆ ಆ ಕಾನೂನು ಅಷ್ಟರಮಟ್ಟಿಗೆ ಕಾಗದದ ಮೇಲೆಯೇ ಉಳಿದಿದೆ. ಹಿಂದೆ ಈ ದಾರಿಗಳಲ್ಲಿ ‘ಸಹಕಾರ ಸಾರಿಗೆ’ಯ ಬಸ್ಸುಗಳಿದ್ದವು. 1991ರಲ್ಲಿ ಕೊಪ್ಪದಲ್ಲಿ ಬಸ್ಸು ಕೆಲಸಗಾರರು ತಾವೇ ಕೂಡಿ ಕಟ್ಟಿದ ಸಂಸ್ಥೆ. ಡ್ರೈವರು, ಕಂಡಕ್ಟರುಗಳೇ ಅದರ ಒಡೆಯರು. ಸುಮಾರು ಮೂವತ್ತು ವರ್ಷ ಓಡಿಸಿದರು. ಖರ್ಚು ಮೇಲಾಗಿ 2020ರಲ್ಲಿ ಅದು ನಿಂತುಹೋಯಿತು. ಅದು ಇದ್ದಿದ್ದರೆ ನಾನು ಇಂದು ಬೇರೆ ಬಸ್ಸಿನ ಹೆಸರು ಹೇಳುತ್ತಿರಲಿಲ್ಲ.

ಊಟದ ಮೇಲಿನ ಆ ಒಂದು ಜಾಗ ಯಾವುದು? ಮಕ್ಕಳು ಹೆಚ್ಚಾಗಿದ್ದರೆ ಕುಪ್ಪಳಿ. ಕುವೆಂಪು ಅವರು ಬೆಳೆದ ಹಳೆಯ ತೊಟ್ಟಿಮನೆಯನ್ನು ಪ್ರತಿಷ್ಠಾನದವರು ಚೆನ್ನಾಗಿ ಇಟ್ಟಿದ್ದಾರೆ. ಪುಸ್ತಕ, ಪ್ರಶಸ್ತಿಗಳಿಗಿಂತ ಅಲ್ಲಿನ ಒನಕೆ, ಕಡೆಗೋಲು, ಬೇಸಾಯದ ಸಾಮಾನುಗಳ ಮುಂದೆ ನಮ್ಮ ಜನ ಹೆಚ್ಚು ಹೊತ್ತು ನಿಲ್ಲುವುದನ್ನು ನಾನು ಕಂಡಿದ್ದೇನೆ. ಮೇಲೆ ಕವಿಶೈಲ, 1994ರ ನವೆಂಬರಿನಲ್ಲಿ ಕವಿಯನ್ನು ಮಣ್ಣಿಗೊಪ್ಪಿಸಿದ್ದು ಅಲ್ಲಿಯೇ. ಅಲ್ಲಿನ ಬಂಡೆಯ ಮೇಲೆ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯನವರ ಅಕ್ಷರಗಳಿವೆ. ನೀವೂ ಮೊಳೆ ತೆಗೆದುಕೊಂಡು ಹೋಗಬೇಡಿ. ಗಟ್ಟಿ ಕಾಲಿನವರಿದ್ದರೆ ಗುಡ್ಡೇಕೇರಿಯ ಕಡೆಯಿಂದ ಕುಂದಾದ್ರಿ. ಬಂಡೆಯ ತಲೆಯ ಮೇಲೆ ಪಾರ್ಶ್ವನಾಥ ಬಸದಿ, ಪಕ್ಕದಲ್ಲಿ ಕೊಳ, ಸುತ್ತ ಕಣ್ಣು ಹಾಯುವಷ್ಟು ಕಾಡು. ಕುಂದಕುಂದಾಚಾರ್ಯರ ಹೆಸರಿನಿಂದ ಬಂದ ಹೆಸರೆನ್ನುತ್ತಾರೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮೇಲು. ಆಗುಂಬೆಯ ಸೂರ್ಯಾಸ್ತಕ್ಕೆ ಹೆಸರು ದೊಡ್ಡದು. ಆದರೆ 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4508 ಮಿಲಿಮೀಟರು ಮಳೆ ಕಂಡ ಊರು ಅದು. ಮಂಜು ಮುಸುಕಿದರೆ ಸೂರ್ಯನೂ ಇಲ್ಲ, ಅಸ್ತವೂ ಇಲ್ಲ. ಬಾನು ತಿಳಿಯಾದ ದಿನ ಘಟ್ಟದ ಅಂಚಿನಿಂದ ಕಡಲು ಹೊಳೆಯುವುದನ್ನು ಕಂಡವರಿದ್ದಾರೆ. ಅಲ್ಲಿಂದ ಇಲ್ಲಿಗೆ ಬರುವ ಹೊತ್ತಿಗೆ ರಾತ್ರಿ ತಡವಾಗುತ್ತದೆ; ಮರುದಿನ ಮೊದಲ ಪಾಳಿ ಇದ್ದವರು ವಿಚಾರ ಮಾಡಿ.

ಇನ್ನು ಜೋಪಾನದ ಮಾತು. ಮಳೆಗಾಲದಲ್ಲಿ ಇಂಬಳ ಹತ್ತುತ್ತದೆ. ಕಿರುಚಬೇಡಿ, ಕಿತ್ತೆಳೆಯಬೇಡಿ, ಉಪ್ಪು ತಾಗಿಸಿದರೆ ಬಿಟ್ಟು ಬೀಳುತ್ತದೆ. ಅದರಿಂದ ಯಾರೂ ಸತ್ತಿಲ್ಲ. ಭಯಪಡಬೇಕಾದ್ದು ಒಣ ತಿಂಗಳುಗಳ ಉಣುಗಿಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತು ಸಿಕ್ಕ ಮಂಗನ ಕಾಯಿಲೆ ಹರಡುವುದು ಅದರ ಕಡಿತದಿಂದ. ಡಿಸೆಂಬರಿನಿಂದ ಮೇ ತನಕ ಅದರ ಕಾಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಎಷ್ಟು ಮನೆಗಳನ್ನು ಅಳಿಸಿತೆಂಬುದು ನಿಮಗೆ ನೆನಪಿದೆ. ಆದ್ದರಿಂದ ಆ ತಿಂಗಳುಗಳಲ್ಲಿ ತೋಟ, ಅಂಗಳ, ರಸ್ತೆ ಸರಿ. ತರಗೆಲೆಯ ಕಾಡಿನೊಳಗೆ ಮಕ್ಕಳನ್ನು ಬಿಡಬೇಡಿ, ಸೌದೆ ಹೊರೆಯ ಮೇಲೆ ಕೂರಿಸಬೇಡಿ. ಮೈ ಮುಚ್ಚುವ ಬಟ್ಟೆ, ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ, ಮನೆಗೆ ಬಂದೊಡನೆ ಬಿಸಿನೀರ ಸ್ನಾನ. ಹೋಗಿಬಂದ ವಾರದೊಳಗೆ ಜ್ವರ ಬಂದರೆ ವೈದ್ಯರಿಗೆ ಕಾಡಿನ ಕಡೆ ಹೋಗಿದ್ದೆವೆಂದು ಬಾಯಿಬಿಟ್ಟು ಹೇಳಿ. ಹೊಳೆಯ ಮಾತು ಬೇರೆಯೇ: ತುಂಗೆ ಮೇಲೆ ಶಾಂತ, ಕೆಳಗೆ ಬಂಡೆಯ ಗುಂಡಿ. ಮೊಣಕಾಲಿನ ಮೇಲೆ ನೀರು ಯಾರಿಗೂ ಬೇಡ, ಈಜು ಬಲ್ಲವರಿಗಂತೂ ಮೊದಲು ಬೇಡ.

ತಿನ್ನುವ ಪೊಟ್ಟಣದ ಪ್ಲಾಸ್ಟಿಕ್ಕನ್ನು ತೋಟದ ಕಾಲುವೆಗೆ ಎಸೆದರೆ ಅದನ್ನು ಬಾಗಿ ಎತ್ತಬೇಕಾದವಳು ಅದೇ ಸುಲಿಯುವ ಹೆಂಗಸು. ಚೀಲ ನಾವೇ ಒಯ್ಯೋಣ, ತುಂಬಿಕೊಂಡು ಬರೋಣ.

ಮೊದಲ ತಂಡ ಕೊಯ್ಲಿನ ಕಾಲಕ್ಕೆ ಹೊರಡಲಿ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯ ದಿನಗಳನ್ನು ಬಿಟ್ಟು ಬೇರೆ ಭಾನುವಾರ ಹಿಡಿಯೋಣ. ಆ ದಿನಗಳಲ್ಲಿ ರೈತರ ಮನೆಯವರೇ ಜಾತ್ರೆಗೆ ಹೊರಟಿರುತ್ತಾರೆ. ಅವರ ರಜೆ ಕೆಡಿಸಿ ನಮ್ಮ ರಜೆ ಬೇಡ. ಬರುವವರು ಈ ಕೂಟ ಮುಗಿದೊಡನೆ ಅಲ್ಲಿ ಮೇಜಿನ ಹತ್ತಿರ ಹೆಸರು ಬರೆಸಿ. ಗಂಡಸರು ತಮ್ಮೊಬ್ಬರ ಹೆಸರು ಬರೆಸಿ ಹೋಗುವ ಹಾಗಿಲ್ಲ, ಮನೆಯವರ ಹೆಸರೂ ಇರಬೇಕು. ಮಕ್ಕಳ ವಯಸ್ಸನ್ನು ಸರಿಯಾಗಿ ಹೇಳಿ. ಹೋದ ಸಲ ಇನ್ನೊಂದು ಕಾರ್ಯಕ್ರಮಕ್ಕೆ ಹೊರಟಾಗ ಹತ್ತು ವರ್ಷದ ಹುಡುಗರೆಲ್ಲ ಪಟ್ಟಿಯಲ್ಲಿ ಐದು ವರ್ಷದವರಾಗಿದ್ದರು, ಬಸ್ಸಿನಲ್ಲಿ ನಾನು ತೀರ್ಥಹಳ್ಳಿಯ ತನಕ ನಿಂತೇ ಹೋಗಬೇಕಾಯಿತು.